ಟೀಚರಿಗೆ ಬೇಕಿರೋದು ಧ್ಯಾನವಾ, ಪುರುಸೊತ್ತಾ?

2019ರ ಅಕ್ಟೋಬರ್ 17ರಂದು ಶಿಕಾಗೊದ ಸುಮಾರು 25,000 ಸರ್ಕಾರಿ ಶಾಲಾ ಶಿಕ್ಷಕರು ಮುಷ್ಕರ ಹೂಡಿದರು. 11 ಶಾಲಾ ದಿನ ಪಾಠ ನಡೆಯಲಿಲ್ಲ. ಸಂಬಳದ ಮಾತು ಇದ್ದೇ ಇತ್ತು. ಅದರ ಜೊತೆಗೆ ಪ್ರತಿ ಶಾಲೆಗೂ ಒಬ್ಬ ನರ್ಸ್, ಒಬ್ಬ ಸೋಶಿಯಲ್ ವರ್ಕರ್ ಬೇಕು, ಒಂದು ತರಗತಿಯಲ್ಲಿ ಎಷ್ಟು ಮಕ್ಕಳಿರಬಹುದು ಅನ್ನೋದಕ್ಕೆ ಮಿತಿ ಬೇಕು ಅಂತ ಕೇಳಿದರು. ಆ ಪಟ್ಟಿಯಲ್ಲಿ ಕೇಳೋಕೆ ತೀರಾ ಚಿಕ್ಕದು ಅನ್ನಿಸುವ ಇನ್ನೊಂದು ಬೇಡಿಕೆಯೂ ಇತ್ತು: ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಬೆಳಿಗ್ಗೆ, ಪಾಠ ಶುರುವಾಗೋ ಮುಂಚೆ, ತಯಾರಿಗೆ ಅಂತ 30 ನಿಮಿಷ ಕೊಡಿ.

ಅದು ಹೊಸ ಬೇಡಿಕೆಯೂ ಆಗಿರಲಿಲ್ಲ. 2012ರಲ್ಲಿ ಆಗಿನ ಮೇಯರ್ ರಾಮ್ ಇಮ್ಯಾನುಯೆಲ್ ಪ್ರಾಥಮಿಕ ಶಾಲೆಯ ದಿನವನ್ನು 5 ಗಂಟೆ 45 ನಿಮಿಷದಿಂದ 7 ಗಂಟೆಗೆ ಹಿಗ್ಗಿಸಿದಾಗ ಬೆಳಗಿನ ಆ ಅರ್ಧ ಗಂಟೆ ಕೈತಪ್ಪಿತ್ತು. ಅದನ್ನೇ ವಾಪಸ್ ಕೇಳಿದ್ದು. 2019ರ ಮೇಯರ್ ಲೋರಿ ಲೈಟ್‌ಫುಟ್, ಹಾಗೆ ಮಾಡಿದರೆ ಮಕ್ಕಳ ಕಲಿಕೆಯ ಸಮಯ ಕಡಿಮೆಯಾಗುತ್ತೆ ಅಂತ ಒಪ್ಪಲಿಲ್ಲ. ಮುಷ್ಕರ ಮುಗಿದಾಗ ನರ್ಸ್, ಸೋಶಿಯಲ್ ವರ್ಕರ್‌ಗಳ ಭರವಸೆ ಸಿಕ್ಕಿತು. ಅರ್ಧ ಗಂಟೆ ಸಿಗಲಿಲ್ಲ.

ಇದೇ ವರ್ಷಗಳಲ್ಲಿ ಅಮೆರಿಕದ ಶಾಲೆಗಳಲ್ಲಿ ಶಿಕ್ಷಕರ ಒತ್ತಡಕ್ಕೆ ಇನ್ನೊಂದು ಉತ್ತರ ಜನಪ್ರಿಯವಾಗುತ್ತಾ ಬಂತು. ಅದರ ಹೆಸರು ಮೈಂಡ್‌ಫುಲ್‌ನೆಸ್ ತರಬೇತಿ. ಉಸಿರಿನ ಮೇಲೆ ಗಮನ, ದೇಹದ ಒಂದೊಂದು ಭಾಗವನ್ನೂ ಗಮನಿಸುತ್ತಾ ಹೋಗುವುದು, ಸಿಟ್ಟು ಬಂದಾಗ ಅದನ್ನು ಗುರುತಿಸಿ ಒಂದು ಕ್ಷಣ ನಿಲ್ಲುವುದು. ನಮ್ಮಲ್ಲಿ ಕೆಲವರು ಇದನ್ನು ಸಾವಧಾನ ಅಂತಾರೆ, ಕೆಲವರು ಅರಿವಿನ ಧ್ಯಾನ ಅಂತಾರೆ. ಈ ಬರಹ ಇರೋದು ಆ ತರಬೇತಿಯ ಬಗ್ಗೆ. ಮೊದಲೇ ಹೇಳಿಬಿಡುತ್ತೇನೆ, ಅದು ಕೆಲಸವನ್ನೇ ಮಾಡಲ್ಲ ಅನ್ನೋದು ನನ್ನ ತಕರಾರಲ್ಲ. ಸ್ವಲ್ಪ ಕೆಲಸ ಮಾಡುತ್ತೆ. ಆ ಸ್ವಲ್ಪವನ್ನು ಯಾವುದರ ಪಕ್ಕ ಇಟ್ಟು ಅಳೆದಿದ್ದಾರೆ, ಯಾವುದರ ಪಕ್ಕ ಇಡಲೇ ಇಲ್ಲ ಅನ್ನೋದು ನನ್ನ ತಕರಾರು.

ಒತ್ತಡ ನಿಜವಾ ಅನ್ನೋದನ್ನ ಮೊದಲು ನೋಡೋಣ. ರ‍್ಯಾಂಡ್ ಸಂಸ್ಥೆಯ 2022ರ ಸಮೀಕ್ಷೆಯಲ್ಲಿ ಕೆಲಸದ ಒತ್ತಡ ಪದೇಪದೇ ಕಾಡುತ್ತೆ ಅಂದ ಶಿಕ್ಷಕರು ಶೇ. 73. ಬೇರೆ ಕೆಲಸದಲ್ಲಿರುವ ವಯಸ್ಕರಲ್ಲಿ ಹಾಗಂದವರು ಶೇ. 35. ಅದೇ ವರ್ಷದ ಗ್ಯಾಲಪ್ ಸಮೀಕ್ಷೆಯಲ್ಲಿ ಶಾಲೆಗಳಲ್ಲಿ ದುಡಿಯುವವರ ಪೈಕಿ ಶೇ. 44ರಷ್ಟು ಜನ 'ಯಾವಾಗಲೂ ಅಥವಾ ಬಹಳ ಸಲ' ಬೆಂದುಹೋದ ಹಾಗೆ ಅನ್ನಿಸುತ್ತೆ ಅಂದರು. ಇದಕ್ಕೆ ಇಂಗ್ಲಿಷಿನಲ್ಲಿ ಬರ್ನ್‌ಔಟ್ ಅಂತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟನ್ನು ಕಾಯಿಲೆ ಅಂತ ಕರೆಯಲಿಲ್ಲ, ಕೆಲಸಕ್ಕೆ ಸಂಬಂಧಿಸಿದ ವಿದ್ಯಮಾನ ಅಂತ ಕರೆಯಿತು. ಅಂದರೆ ತೊಂದರೆಯ ಮೂಲ ಕೆಲಸದಲ್ಲಿದೆ ಅಂತ ಆ ಸಂಸ್ಥೆಯ ವ್ಯಾಖ್ಯೆಯೇ ಹೇಳುತ್ತೆ.

ಈಗ ತರಬೇತಿಯ ಹುಟ್ಟು. 1979ರಲ್ಲಿ ಜಾನ್ ಕಬಾಟ್-ಜಿನ್ ಅನ್ನುವವರು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಒಂದು ಕೋರ್ಸ್ ಶುರುಮಾಡಿದರು. ಬೌದ್ಧ ಧ್ಯಾನದ ಅಭ್ಯಾಸಗಳನ್ನು ಧಾರ್ಮಿಕ ಹೊದಿಕೆ ತೆಗೆದು ಆಸ್ಪತ್ರೆಗೆ ಒಗ್ಗುವ ಹಾಗೆ ಮಾಡಿದ್ದು ಅವರ ಸಾಧನೆ. ಅಲ್ಲಿಗೆ ಬರುತ್ತಿದ್ದವರಲ್ಲಿ ದೀರ್ಘಕಾಲದ ನೋವಿನ ರೋಗಿಗಳು ಬಹಳ ಇದ್ದರು. ಬೇರೆ ಔಷಧಿಗೆ ಬಗ್ಗದ ಬೆನ್ನುನೋವು, ತಲೆನೋವು. ನೋವು ಹೋಗಲ್ಲ ಅಂತ ಗೊತ್ತಾದ ಮೇಲೆ ಅದರ ಜೊತೆ ಬದುಕೋದು ಹೇಗೆ ಅನ್ನೋ ಪ್ರಶ್ನೆಗೆ ಈ ಅಭ್ಯಾಸ ಒಂದು ಒಳ್ಳೆಯ ಉತ್ತರ.

ಶಾಲೆಗೆ ಬಂದಾಗ ಈ ಹಿನ್ನೆಲೆ ಮರೆತುಹೋಗುತ್ತೆ. 32 ಮಕ್ಕಳ ತರಗತಿ ವಾಸಿಯಾಗದ ಬೆನ್ನುನೋವಲ್ಲ. ಬೆಳಿಗ್ಗೆ ತಯಾರಿಗೆ ಸಮಯವಿಲ್ಲದ ವೇಳಾಪಟ್ಟಿಯೂ ಅಲ್ಲ. ಯಾರೋ ಒಂದು ಮೀಟಿಂಗಿನಲ್ಲಿ ಕೂತು ತೀರ್ಮಾನಿಸಿದ್ದು ಅದು, ಇನ್ನೊಂದು ಮೀಟಿಂಗಿನಲ್ಲಿ ಬದಲಾಯಿಸಬಹುದು.

ಶಿಕ್ಷಕರಿಗೆಂದೇ ರೂಪಿಸಿದ ಮೈಂಡ್‌ಫುಲ್‌ನೆಸ್ ಕಾರ್ಯಕ್ರಮಗಳಲ್ಲಿ ಚೆನ್ನಾಗಿ ಪರೀಕ್ಷೆಗೆ ಒಳಗಾದದ್ದು 'ಕೇರ್'. ನ್ಯೂಯಾರ್ಕ್ ರಾಜ್ಯದ ಗ್ಯಾರಿಸನ್ ಇನ್‌ಸ್ಟಿಟ್ಯೂಟ್‌ನಲ್ಲಿ ಹುಟ್ಟಿದ್ದು, ಪ್ಯಾಟ್ರಿಷಿಯಾ ಜೆನ್ನಿಂಗ್ಸ್ ಅದರ ಮುಖ್ಯ ರೂವಾರಿಗಳಲ್ಲಿ ಒಬ್ಬರು. ನ್ಯೂಯಾರ್ಕ್ ನಗರದ 36 ಸರ್ಕಾರಿ ಪ್ರಾಥಮಿಕ ಶಾಲೆಗಳ 224 ಶಿಕ್ಷಕರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ತರಬೇತಿ ಐದು ದಿನ, ಒಟ್ಟು 30 ಗಂಟೆ, ಕೆಲವು ತಿಂಗಳುಗಳಲ್ಲಿ ಹರಡಿಕೊಂಡಂತೆ, ನಡುನಡುವೆ ಫೋನಿನಲ್ಲಿ ಮಾರ್ಗದರ್ಶನ. ಯಾರಿಗೆ ತರಬೇತಿ, ಯಾರಿಗೆ ಇಲ್ಲ ಅನ್ನೋದನ್ನ ಚೀಟಿ ಎತ್ತುವ ಹಾಗೆ ಯಾದೃಚ್ಛಿಕವಾಗಿ ನಿರ್ಧರಿಸಿದ್ದರು. ಈ ಕ್ಷೇತ್ರದ ಮಟ್ಟಿಗೆ ಇದು ಗಟ್ಟಿ ಕೆಲಸ, ಅದನ್ನ ಒಪ್ಪಿಕೊಳ್ಳಲೇಬೇಕು.

ಫಲಿತಾಂಶ ಏನು? ತರಬೇತಿ ಪಡೆದವರಲ್ಲಿ ಭಾವನೆಗಳನ್ನು ನಿಭಾಯಿಸುವ ಶಕ್ತಿ ಸ್ವಲ್ಪ ಹೆಚ್ಚಾಯಿತು, ಮಾನಸಿಕ ಸಂಕಟ ಸ್ವಲ್ಪ ಇಳಿಯಿತು. ಇವು ಶಿಕ್ಷಕರೇ ಪ್ರಶ್ನಾವಳಿ ತುಂಬಿ ಹೇಳಿದ್ದು. ಇದರ ಜೊತೆಗೆ ಹೊರಗಿನ ವೀಕ್ಷಕರು ತರಗತಿಯಲ್ಲಿ ಕೂತು ಅಂಕ ಕೊಟ್ಟಾಗಲೂ, ಮಕ್ಕಳ ಜೊತೆ ಭಾವನಾತ್ಮಕವಾಗಿ ಸ್ಪಂದಿಸುವ ರೀತಿಯಲ್ಲಿ ತರಬೇತಿ ಪಡೆದವರು ಒಂದಿಷ್ಟು ಮುಂದಿದ್ದರು. ಪ್ರಶ್ನಾವಳಿಯನ್ನಷ್ಟೇ ನಂಬಿ ಕೂರದೆ ತರಗತಿಯೊಳಗೂ ನೋಡಿದ್ದು ಈ ಅಧ್ಯಯನದ ಹೆಚ್ಚುಗಾರಿಕೆ.

ಆದರೆ ಸುಧಾರಿಸಿದ ಅಂಶಗಳ ಪಟ್ಟಿಯಲ್ಲಿ ಇನ್ನೊಂದಿದೆ. ಕನ್ನಡದಲ್ಲಿ ಅದನ್ನು 'ಅವಸರದ ಭಾವನೆ' ಅನ್ನಬಹುದು. ಸಮಯ ಸಾಲುತ್ತಿಲ್ಲ, ಓಡುತ್ತಲೇ ಇದ್ದೇನೆ ಅನ್ನೋ ಒತ್ತಡ. ತರಬೇತಿಯ ನಂತರ ಅದು ಕಡಿಮೆಯಾಯಿತು. ಒಂದು ನಿಮಿಷ ನಿಂತು ಯೋಚಿಸಿ: ತರಬೇತಿ ಶಿಕ್ಷಕರ ವೇಳಾಪಟ್ಟಿಯನ್ನು ಮುಟ್ಟಿರಲಿಲ್ಲ. ದಿನಕ್ಕೆ ಒಂದು ನಿಮಿಷವನ್ನೂ ಸೇರಿಸಿರಲಿಲ್ಲ. ಸಮಯ ಸಾಲುತ್ತಿಲ್ಲ ಅನ್ನೋ ಅನಿಸಿಕೆ ಮಾತ್ರ ತಗ್ಗಿತು. ಶಿಕಾಗೊದಲ್ಲಿ ಶಿಕ್ಷಕರು ಬೀದಿಗೆ ಬಂದು ಕೇಳಿದ ಅದೇ ವಸ್ತು ಇಲ್ಲಿ ಒಂದು ಮನಃಸ್ಥಿತಿಯಾಗಿ, ಪ್ರಶ್ನಾವಳಿಯ ಒಂದು ಸಾಲಾಗಿ ಬಂದು ಕೂತಿದೆ. ಸಂಶೋಧಕರ ಉದ್ದೇಶದಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ ಇದನ್ನು ಓದುವ ಒಬ್ಬ ಆಡಳಿತಗಾರನಿಗೆ ಏನು ಕೇಳಿಸುತ್ತೆ? ಸಮಯ ಕೊಡದೆಯೂ ಸಮಯದ ದೂರನ್ನು ಕಡಿಮೆ ಮಾಡಬಹುದು ಅಂತ ಕೇಳಿಸುತ್ತೆ.

ನನ್ನ ಉದ್ಯೋಗದಲ್ಲಿ, ಅಂದರೆ ಡೇಟಾ ಸೈನ್ಸ್‌ನಲ್ಲಿ, ಯಾರಾದರೂ 'ಇದರಿಂದ ಸುಧಾರಣೆ ಆಯ್ತು' ಅಂದ ಕೂಡಲೇ ಕೇಳುವ ಮೊದಲ ಪ್ರಶ್ನೆ: ಯಾವುದಕ್ಕೆ ಹೋಲಿಸಿದರೆ? ಕೇರ್ ಪ್ರಯೋಗದಲ್ಲಿ ಹೋಲಿಕೆಯ ಗುಂಪು ವೇಟ್‌ಲಿಸ್ಟ್‌ನಲ್ಲಿತ್ತು. ಅಂದರೆ ಅವರಿಗೆ ಸದ್ಯಕ್ಕೆ ಏನೂ ಇಲ್ಲ, ತರಬೇತಿ ಆಮೇಲೆ. ಕೆನಡಾ ಮತ್ತು ಅಮೆರಿಕದ 113 ಶಿಕ್ಷಕರ ಮೇಲೆ ರಾಬರ್ಟ್ ರೋಸರ್ ಮತ್ತು ಜೊತೆಗಾರರು ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಹೀಗೇ. ಶಿಕಾಗೊದಿಂದ ಎರಡೂವರೆ ಗಂಟೆ ಡ್ರೈವ್ ದೂರದ ಮ್ಯಾಡಿಸನ್‌ನಲ್ಲಿ 18 ಪ್ರಾಥಮಿಕ ಶಿಕ್ಷಕರ ಮೇಲೆ ನಡೆದ ಪುಟ್ಟ ಪ್ರಯೋಗದಲ್ಲೂ ಹೀಗೇ. ಒಂದು ಕಡೆ ಗುಂಪಾಗಿ ಕೂತು, ಯಾರೋ ನಿಮ್ಮ ಕಷ್ಟ ಕೇಳಿ, ಗಂಟೆಗಟ್ಟಲೆ ನಿಮ್ಮ ಬಗ್ಗೆಯೇ ಯೋಚಿಸಲು ಬಿಟ್ಟರು. ಇನ್ನೊಂದು ಕಡೆ ಏನೂ ಇಲ್ಲ. ಮೊದಲನೇ ಗುಂಪಿಗೆ ಸ್ವಲ್ಪ ಹಿತ ಅನ್ನಿಸಿದರೆ, ಅದು ಉಸಿರಿನ ಅಭ್ಯಾಸದಿಂದಲೋ, ನಾಲ್ಕು ಜನ ಸಹೋದ್ಯೋಗಿಗಳ ಜೊತೆ ಕೂತು ಮಾತಾಡಿದ್ದರಿಂದಲೋ, ಬಿಡುವು ಸಿಕ್ಕಿದ್ದರಿಂದಲೋ? ಈ ವಿನ್ಯಾಸದಲ್ಲಿ ಬಿಡಿಸಿ ಹೇಳೋಕೆ ಆಗಲ್ಲ.

ಈ ಪ್ರಯೋಗಗಳಲ್ಲಿ ಇಲ್ಲದ ಗುಂಪು ಯಾವುದು ಅಂದರೆ, ಅದೇ 30 ಗಂಟೆಯನ್ನು ಸುಮ್ಮನೆ ಶಿಕ್ಷಕರ ಕೈಗೆ ಕೊಟ್ಟ ಗುಂಪು. ಪಾಠ ತಯಾರಿ ಮಾಡಿಕೊಳ್ಳಿ, ನೋಟ್‌ಬುಕ್ ತಿದ್ದಿಕೊಳ್ಳಿ, ಪೋಷಕರಿಗೆ ಫೋನ್ ಮಾಡಿ, ಬೇಕಾದರೆ ಕಾಫಿ ಕುಡಿಯುತ್ತಾ ಕಿಟಕಿಯಾಚೆ ನೋಡಿ. ಏನು ಮಾಡಿದಿರಿ ಅಂತ ಯಾರೂ ಕೇಳಲ್ಲ. ಈ ಮೂರನೇ ಗುಂಪಿನ ಎದುರು ಮೈಂಡ್‌ಫುಲ್‌ನೆಸ್ ಗೆದ್ದರೆ ನಾನು ಚಪ್ಪಾಳೆ ತಟ್ಟುತ್ತೇನೆ. ಅಲ್ಲಿಯವರೆಗೆ ಅದು ಶೂನ್ಯದ ಎದುರು ಗೆದ್ದಿದೆ ಅಷ್ಟೇ.

ಪರಿಣಾಮ ಎಷ್ಟು ದಿನ ಉಳಿಯುತ್ತೆ ಅನ್ನೋದೂ ಮುಖ್ಯ. ಬ್ರಿಟನ್ನಿನ 'ಮಿರಿಯಡ್' ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. 80ಕ್ಕೂ ಹೆಚ್ಚು ಶಾಲೆ, 11ರಿಂದ 14 ವಯಸ್ಸಿನ 8,000ಕ್ಕೂ ಹೆಚ್ಚು ಮಕ್ಕಳು. ಅಲ್ಲಿ ಶಿಕ್ಷಕರು ಮೊದಲು ತಾವು ಮೈಂಡ್‌ಫುಲ್‌ನೆಸ್ ಕಲಿತು ಆಮೇಲೆ ಮಕ್ಕಳಿಗೆ ಕಲಿಸಿದರು. ಮಕ್ಕಳ ಮಾನಸಿಕ ಆರೋಗ್ಯಕ್ಕೆ ಎಂದಿನ ಪಾಠಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಶಿಕ್ಷಕರ ಬರ್ನ್‌ಔಟ್ ಮಾತ್ರ ಇಳಿಯಿತು. ಒಂದು ವರ್ಷ ಕಳೆದ ಮೇಲೆ ನೋಡಿದಾಗ ಆ ಇಳಿಕೆಯೂ ಉಳಿದಿರಲಿಲ್ಲ. ಇದರಲ್ಲಿ ಆಶ್ಚರ್ಯ ಏನಿದೆ? ಮನಸ್ಸು ಹಗುರ ಮಾಡಿಕೊಂಡು ಅದೇ ತರಗತಿಗೆ, ಅದೇ ವೇಳಾಪಟ್ಟಿಗೆ ವಾಪಸ್ ಹೋದರೆ ಭಾರ ಮತ್ತೆ ಕೂಡಿಕೊಳ್ಳುತ್ತೆ.

'ಆದರೆ ನಮ್ಮ ಶಾಲೆಯಲ್ಲಿ ತರಬೇತಿಗೆ ಬಂದವರೆಲ್ಲ ಖುಷಿಯಾಗಿದ್ದಾರಲ್ಲ?' ಅಂತ ನೀವು ಕೇಳಬಹುದು. ಅದಕ್ಕೆ ಇಲಿನಾಯ್‌ನಿಂದಲೇ ಒಂದು ಉದಾಹರಣೆ. ಅರ್ಬಾನಾ-ಶಾಂಪೇನ್‌ನಲ್ಲಿರುವ ಇಲಿನಾಯ್ ವಿಶ್ವವಿದ್ಯಾಲಯ ತನ್ನ ಸುಮಾರು 5,000 ಉದ್ಯೋಗಿಗಳ ಮೇಲೆ ಒಂದು ಆರೋಗ್ಯ-ನೆಮ್ಮದಿ ಕಾರ್ಯಕ್ರಮವನ್ನು ಯಾದೃಚ್ಛಿಕ ಪ್ರಯೋಗವಾಗಿ ನಡೆಸಿತು, 2019ರಲ್ಲಿ ಫಲಿತಾಂಶ ಪ್ರಕಟವಾಯಿತು. ಭಾಗವಹಿಸಿದವರನ್ನು ಭಾಗವಹಿಸದವರ ಜೊತೆ ಹೋಲಿಸಿದರೆ ಕಾರ್ಯಕ್ರಮ ಅದ್ಭುತವಾಗಿ ಕಾಣುತ್ತಿತ್ತು. ಚೀಟಿ ಎತ್ತಿ ಮಾಡಿದ ಗುಂಪುಗಳನ್ನು ಹೋಲಿಸಿದಾಗ ವೈದ್ಯಕೀಯ ಖರ್ಚಿನಲ್ಲಾಗಲಿ, ಕೆಲಸದ ಸಾಮರ್ಥ್ಯದಲ್ಲಾಗಲಿ ಹೇಳಿಕೊಳ್ಳುವ ವ್ಯತ್ಯಾಸವೇ ಇರಲಿಲ್ಲ. ಯಾಕೆ ಅಂದರೆ, ಇಂಥ ಕಾರ್ಯಕ್ರಮಕ್ಕೆ ತಾವಾಗಿಯೇ ಬರುವವರು ಮೊದಲಿಂದಲೂ ಹೆಚ್ಚು ಆರೋಗ್ಯವಾಗಿದ್ದವರು. ಶಾಲೆ ಮುಗಿದ ಮೇಲಿನ ಧ್ಯಾನದ ತರಗತಿಗೆ ಬರೋಕೆ ಆಗೋ ಟೀಚರ್ ಯಾರು? ಮನೆಯಲ್ಲಿ ಮಗುವನ್ನು ನೋಡಿಕೊಳ್ಳಲು ಯಾರಾದರೂ ಇರುವವರು, ಸಂಜೆ ಎರಡನೇ ಕೆಲಸಕ್ಕೆ ಓಡಬೇಕಿಲ್ಲದವರು. ತೀರಾ ಬಸವಳಿದವರ ಪ್ರಶಂಸೆ ಆ ಫೀಡ್‌ಬ್ಯಾಕ್ ಫಾರ್ಮಿನಲ್ಲಿ ಇರಲ್ಲ, ದೂರೂ ಇರಲ್ಲ.

ಇದಕ್ಕೆ ಸೇರಿಸಿ ಓದಬೇಕಾದ ಇನ್ನೊಂದು ಕೆಲಸ ಆಕ್ಸ್‌ಫರ್ಡ್‌ನ ವಿಲಿಯಂ ಫ್ಲೆಮಿಂಗ್ ಅವರದು, 2024ರಲ್ಲಿ ಪ್ರಕಟವಾದದ್ದು. ಬ್ರಿಟನ್ನಿನ 233 ಸಂಸ್ಥೆಗಳ 46,336 ಉದ್ಯೋಗಿಗಳ ಸಮೀಕ್ಷೆಯಲ್ಲಿ, ಮೈಂಡ್‌ಫುಲ್‌ನೆಸ್, ಒತ್ತಡ ನಿರ್ವಹಣೆ, ನೆಮ್ಮದಿಯ ಆ್ಯಪ್‌ಗಳಂಥ ವ್ಯಕ್ತಿಗತ ಉಪಾಯಗಳಲ್ಲಿ ಭಾಗವಹಿಸಿದವರು ಭಾಗವಹಿಸದವರಿಗಿಂತ ಚೆನ್ನಾಗೇನೂ ಇರಲಿಲ್ಲ. ಇದು ಯಾದೃಚ್ಛಿಕ ಪ್ರಯೋಗವಲ್ಲ, ಹಾಗಾಗಿ ಇದೊಂದರಿಂದಲೇ ತೀರ್ಪು ಕೊಡೋಕಾಗಲ್ಲ. ಆದರೆ ಇಲಿನಾಯ್ ಪ್ರಯೋಗದ ಪಕ್ಕ ಇಟ್ಟರೆ ಎರಡೂ ಒಂದೇ ಕಡೆ ಬೆರಳು ತೋರಿಸುತ್ತವೆ: ಕೆಲಸವನ್ನು ಬಿಟ್ಟು ಕೆಲಸಗಾರನನ್ನು ಮಾತ್ರ ಸರಿಪಡಿಸಲು ಹೊರಟರೆ ಸಿಗೋದು ಕಡಿಮೆ.

ಈಗ ನಮ್ಮವರ ವಿಷಯಕ್ಕೆ ಬರೋಣ. ಶಿಕಾಗೊ ಶಾಲೆಗಳಲ್ಲಿ ಧ್ಯಾನ ಅಂದ ಕೂಡಲೇ ನಮ್ಮವರ ನಡುವೆ ಬರುವ ಮಾತು ಬೇರೆಯೇ. ಅಲ್ಲಿನ ಕೆಲವು ಹೈಸ್ಕೂಲುಗಳಲ್ಲಿ 2015ರಿಂದ 2019ರವರೆಗೆ ಡೇವಿಡ್ ಲಿಂಚ್ ಪ್ರತಿಷ್ಠಾನ 'ಕ್ವಾಯೆಟ್ ಟೈಮ್' ಅನ್ನೋ ಹೆಸರಿನಲ್ಲಿ ಭಾವಾತೀತ ಧ್ಯಾನ ಕಲಿಸಿತು. ದೀಕ್ಷೆಯ ಹೊತ್ತಿನಲ್ಲಿ ಸಂಸ್ಕೃತದ ಪೂಜೆ ಇತ್ತು, ಇದು ಧರ್ಮದ ಹೇರಿಕೆ ಅಂತ ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. 2023ರಲ್ಲಿ ಒಬ್ಬ ಹಳೆಯ ವಿದ್ಯಾರ್ಥಿನಿಗೆ ಶಾಲಾ ಮಂಡಳಿ ಮತ್ತು ಪ್ರತಿಷ್ಠಾನ ಸೇರಿ 1,50,000 ಡಾಲರ್ ಕೊಡಬೇಕಾಯಿತು. ಇದನ್ನು ಕೇಳಿದಾಗ ಕೆಲವರಿಗೆ ನಮ್ಮ ಪರಂಪರೆಗೆ ಅವಮಾನ ಆಯ್ತು ಅನ್ನಿಸುತ್ತೆ, ಇನ್ನು ಕೆಲವರಿಗೆ ಸರಿಯಾಗೇ ಆಯ್ತು ಅನ್ನಿಸುತ್ತೆ. ಧ್ಯಾನ ಯಾರದ್ದು ಅನ್ನೋ ಈ ಜಗಳದಲ್ಲಿ ಟೀಚರ್ ಕಾಣೆಯಾಗುತ್ತಾರೆ. ಧ್ಯಾನ ನಮ್ಮದು ಅನ್ನೋ ಹೆಮ್ಮೆಯಿಂದ, ಶಾಲೆಯಲ್ಲಿ ಅದು ಬಂತು ಅಂದರೆ ಸಾಕು, ಯಾತಕ್ಕೆ ಬಂತು, ಏನರ ಬದಲಿಗೆ ಬಂತು ಅಂತ ನಾವು ಕೇಳಲ್ಲ.

ಕೇಳಬೇಕಾದವರು ನಾವೂ ಹೌದು. ನಮ್ಮಲ್ಲಿ ಬಹಳ ಜನ ಮನೆ ಮಾಡೋದು ನೇಪರ್‌ವಿಲ್, ಶಾಂಬರ್ಗ್, ಟ್ರಾಯ್, ನೋವೈ ಕಡೆ, ಅದೂ ಶಾಲೆಯ ರೇಟಿಂಗ್ ನೋಡಿಕೊಂಡು. ವಿದ್ಯಾರಣ್ಯ ಕನ್ನಡ ಕೂಟದ ಕಾರ್ಯಕ್ರಮದಲ್ಲಿರಲಿ, ಪಂಪ ಕನ್ನಡ ಕೂಟದ ಕಾರ್ಯಕ್ರಮದಲ್ಲಿರಲಿ, ಊಟದ ಸಾಲಿನಲ್ಲಿ ನಿಂತಾಗ ಶಾಲೆಗಳ ಮಾತು ಬರದೇ ಇರಲ್ಲ. ಶಾಲೆಯ ಬಜೆಟ್ಟಿಗೆ ಹೋಗುವ ಆಸ್ತಿ ತೆರಿಗೆ ಕಟ್ಟುವವರು ನಾವು. ಸ್ಕೂಲ್ ಬೋರ್ಡ್ ಚುನಾವಣೆಯಲ್ಲಿ ಪೌರತ್ವ ಇದ್ದವರು ಓಟು ಹಾಕಬಹುದು, ಇಲ್ಲದವರೂ ಸಭೆಗೆ ಹೋಗಿ ಮಾತಾಡಬಹುದು.

ಡೆಟ್ರಾಯಿಟ್‌ನ ಉದಾಹರಣೆ ಇನ್ನೂ ನೇರವಾದದ್ದು. 2016ರ ಜನವರಿಯಲ್ಲಿ ಅಲ್ಲಿನ ನಗರ ಶಾಲೆಗಳ ಶಿಕ್ಷಕರು ಗೋಡೆಯ ಬೂಷ್ಟು, ತರಗತಿಯಲ್ಲಿ ಬೆಳೆದ ಅಣಬೆ, ಸತ್ತ ಇಲಿ, ಉಬ್ಬಿ ಹಾಳಾದ ಜಿಮ್ ನೆಲದ ಫೋಟೋಗಳನ್ನು ಹೊರಹಾಕಿದರು. ಮಿಷಿಗನ್ ಕಾನೂನಿನಲ್ಲಿ ಸರ್ಕಾರಿ ನೌಕರರು ಮುಷ್ಕರ ಹೂಡುವಂತಿಲ್ಲ. ಹಾಗಾಗಿ ಒಟ್ಟಾಗಿ ಸಿಕ್ ಲೀವ್ ಹಾಕಿದರು. ಜನವರಿ 11ರಂದು 60ಕ್ಕೂ ಹೆಚ್ಚು ಶಾಲೆ ಮುಚ್ಚಿದವು. ಜನವರಿ 20ರಂದು, ಅಧ್ಯಕ್ಷ ಒಬಾಮಾ ಆಟೋ ಶೋ ನೋಡಲು ಊರಿಗೆ ಬಂದ ದಿನ, ನೂರರ ಆಸುಪಾಸಿನ ಶಾಲೆಗಳಲ್ಲಿ 88 ಮುಚ್ಚಿದ್ದವು.

ಮೈಂಡ್‌ಫುಲ್‌ನೆಸ್ಸಿನ ಮೊದಲ ಪಾಠ ಉಸಿರನ್ನು ಗಮನಿಸುವುದು. ಡೆಟ್ರಾಯಿಟ್ ಟೀಚರುಗಳು ಗಮನಿಸಿಯೇ ಇದ್ದರು. ಒಳಗೆ ಎಳೆದುಕೊಳ್ಳುತ್ತಿರೋದು ಬೂಷ್ಟಿನ ಗಾಳಿ ಅಂತ ಅವರಿಗೆ ಗೊತ್ತಾಗಿತ್ತು, ಅದನ್ನೇ ಊರಿಗೆಲ್ಲ ಹೇಳಿದರು. ಮೇಯರ್ ಮೈಕ್ ಡಗ್ಗನ್ ಶಾಲೆಗಳಿಗೆ ಹೋಗಿ ನೋಡಿ ತಪಾಸಣೆಗೆ ಆದೇಶಿಸಿದರು. ಅದೇ ವರ್ಷದ ಜೂನ್‌ನಲ್ಲಿ ರಾಜ್ಯದ ಶಾಸನಸಭೆ ಸಾಲದಲ್ಲಿ ಮುಳುಗಿದ್ದ ಶಾಲಾ ಜಿಲ್ಲೆಗೆ 617 ಮಿಲಿಯನ್ ಡಾಲರ್ ನೆರವು ಕೊಟ್ಟಿತು. ತೊಂದರೆ ಅಲ್ಲಿಗೆ ಮುಗಿಯಲಿಲ್ಲ, 2018ರಲ್ಲಿ ಸೀಸ ಮತ್ತು ತಾಮ್ರದ ಅಂಶ ಸಿಕ್ಕಿ 106 ಶಾಲೆಗಳ ಕುಡಿಯುವ ನೀರಿನ ನಲ್ಲಿಗಳನ್ನೇ ಮುಚ್ಚಬೇಕಾಯಿತು. ಆದರೂ ಒಂದು ಮಾತು ಸ್ಪಷ್ಟ. ಆ ಜನವರಿಯಲ್ಲಿ ಅವರ ಒತ್ತಡ ಒಂದು ಮಾಹಿತಿಯಾಗಿತ್ತು. ಅದನ್ನು ಒಳಗೊಳಗೇ ಶಮನ ಮಾಡಿಕೊಂಡಿದ್ದರೆ ಕಟ್ಟಡದ ಸುದ್ದಿ ಹೊರಗೆ ಬರುತ್ತಿರಲಿಲ್ಲ.

ಇದಕ್ಕೆ ಬರುವ ನ್ಯಾಯವಾದ ಉತ್ತರ: 'ಎರಡೂ ಕೊಡಬಹುದಲ್ಲ? ಧ್ಯಾನವೂ ಇರಲಿ, ಸಮಯವೂ ಇರಲಿ.' ಇರಲಿ, ನನಗೇನೂ ಆಕ್ಷೇಪ ಇಲ್ಲ. ತರಗತಿಗೆ ಹೋಗೋ ಮುಂಚೆ ಎರಡು ನಿಮಿಷ ಕಣ್ಣುಮುಚ್ಚಿ ಕೂರೋದರಿಂದ ಒಬ್ಬ ಟೀಚರಿಗೆ ದಿನ ಸಲೀಸಾಗುತ್ತೆ ಅಂದರೆ, ಬೇಡ ಅನ್ನೋಕೆ ನಾನ್ಯಾರು? ಆದರೆ ಬಜೆಟ್ಟಿನಲ್ಲಿ ಎರಡೂ ಒಂದೇ ತೂಕದ್ದಲ್ಲ. ತರಬೇತಿ ಅಂದರೆ ಒಬ್ಬ ತರಬೇತುದಾರ, ಒಂದು ಹಾಲ್, ಒಂದು ಬಿಲ್. ಪ್ರತಿ ದಿನ ಅರ್ಧ ಗಂಟೆ ಅಂದರೆ ಅಷ್ಟು ಹೊತ್ತು ಮಕ್ಕಳನ್ನು ನೋಡಿಕೊಳ್ಳಲು ಇನ್ನೊಬ್ಬರು ಬೇಕು, ಅಥವಾ ಶಾಲೆಯ ದಿನವನ್ನೇ ಬೇರೆ ರೀತಿ ಜೋಡಿಸಬೇಕು. ಅದು ವರ್ಷವರ್ಷವೂ ಬರುವ ಖರ್ಚು. ಹಾಗಾಗಿ 'ಎರಡೂ' ಅಂತ ಶುರುವಾದದ್ದು ಅಗ್ಗದ್ದರಲ್ಲಿ ನಿಂತುಬಿಡುವ ಸಾಧ್ಯತೆ ಹೆಚ್ಚು. ಜೊತೆಗೆ ಇನ್ನೊಂದು ಸೂಕ್ಷ್ಮ ಇದೆ. ತರಬೇತಿ ಕೊಟ್ಟ ಮೇಲೂ ಟೀಚರ್ ಸುಸ್ತಾಗಿದ್ದರೆ, ತಪ್ಪು ವೇಳಾಪಟ್ಟಿಯಿಂದ ಜಾರಿ ಅವರ ಅಭ್ಯಾಸದ ಕೊರತೆಯ ಮೇಲೆ ಬಂದು ಕೂರುತ್ತೆ.

ಕರ್ನಾಟಕದಲ್ಲಿ ಕೂತು ಇದನ್ನು ಓದುತ್ತಿರುವವರಿಗೆ ಇದು ದೂರದ ಕತೆ ಅನ್ನಿಸಬೇಕಿಲ್ಲ. ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಯ ಮೇಷ್ಟ್ರು, ಮೇಡಂ ಪಾಠದ ಜೊತೆಗೆ ಬಿಸಿಯೂಟದ ಲೆಕ್ಕ, ಹಾಲಿನ ಲೆಕ್ಕ, ಮೊಟ್ಟೆಯ ಲೆಕ್ಕ ಇಡುತ್ತಾರೆ, ವಿದ್ಯಾರ್ಥಿಗಳ ವಿವರವನ್ನು ಆನ್‌ಲೈನಿಗೆ ಏರಿಸುತ್ತಾರೆ, ಚುನಾವಣೆ ಬಂದಾಗ ಮತದಾರರ ಪಟ್ಟಿ ಹಿಡಿದು ಮನೆಮನೆ ತಿರುಗುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಗಣತಿದಾರರಾಗಿ ಹೋದವರೂ ಮುಖ್ಯವಾಗಿ ಅವರೇ. ದಸರಾ ರಜೆ ಅದರಲ್ಲೇ ಕಳೆಯಿತು. ಸಮೀಕ್ಷೆ ಬೇಕೋ ಬೇಡವೋ ಅನ್ನೋದು ಬೇರೆ ಚರ್ಚೆ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಅನ್ನುತ್ತೆ. ಹೀಗಿರುವಾಗ ಅಲ್ಲಿಯೂ ಯಾರಾದರೂ ಶಿಕ್ಷಕರ ಒತ್ತಡ ನಿವಾರಣೆಗೆ ಯೋಗ, ಧ್ಯಾನದ ಶಿಬಿರ ಅಂತ ಹೊರಟರೆ, ಮೊದಲು ಆ ಕಲಮನ್ನು ತೆರೆದು ತೋರಿಸಬೇಕು.

ಕನ್ನಡದಲ್ಲಿ 'ವ್ಯವಧಾನ' ಅಂತ ಒಂದು ಪದ ಇದೆಯಲ್ಲ. 'ಅವರಿಗೆ ಕೇಳುವ ವ್ಯವಧಾನ ಇಲ್ಲ' ಅಂದಾಗ ತಾಳ್ಮೆ ಇಲ್ಲ ಅಂತಲೂ ಆಗುತ್ತೆ, ಪುರುಸೊತ್ತು ಇಲ್ಲ ಅಂತಲೂ ಆಗುತ್ತೆ. ನಮ್ಮ ಭಾಷೆಗೆ ಈ ಎರಡೂ ಬೇರೆಬೇರೆ ಅನ್ನಿಸಿಲ್ಲ. ಪುರುಸೊತ್ತಿದ್ದವರಿಗೆ ತಾಳ್ಮೆ ತಾನಾಗಿ ಒಂದಿಷ್ಟು ಬರುತ್ತೆ ಅನ್ನೋದು ಮನೆಮನೆಯ ಅನುಭವ. ತರಬೇತಿಗಳು ಮಾಡುತ್ತಿರೋದು ಇವನ್ನು ಬಿಡಿಸಿ, ತಾಳ್ಮೆಯನ್ನಷ್ಟೇ ಕಲಿಸುವ ಕೆಲಸ.

2025ರ ಏಪ್ರಿಲ್‌ನಲ್ಲಿ ಶಿಕಾಗೊ ಶಿಕ್ಷಕರು ಹೊಸ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟರು. ಅದರಲ್ಲಿ ಪ್ರಾಥಮಿಕ ಶಿಕ್ಷಕರಿಗೆ ದಿನದ ತಯಾರಿ ಸಮಯ 10 ನಿಮಿಷ ಹೆಚ್ಚಾಗಿದೆ. ಲೆಕ್ಕ ಹಾಕಿ ನೋಡಿ. ವರ್ಷಕ್ಕೆ ಸುಮಾರು 180 ಶಾಲಾ ದಿನ ಅಂದುಕೊಂಡರೆ, ದಿನಕ್ಕೆ 10 ನಿಮಿಷ ಅಂದರೆ ವರ್ಷಕ್ಕೆ 30 ಗಂಟೆ. ಕೇರ್ ತರಬೇತಿಗೆ ಹಿಡಿದದ್ದೂ 30 ಗಂಟೆ. ನಾನು ಮೇಲೆ ಹೇಳಿದ ಮೂರನೇ ಗುಂಪು ಯಾರೂ ಉದ್ದೇಶಿಸದೇ ಶಿಕಾಗೊದಲ್ಲಿ ಹುಟ್ಟಿಕೊಂಡಿದೆ. ಈ 10 ನಿಮಿಷ ನಿಜವಾಗಿ ಟೀಚರ ಕೈಯಲ್ಲಿ ಉಳಿಯುತ್ತಾ, ಇಲ್ಲಾ ಇನ್ನೊಂದು ಮೀಟಿಂಗು ನುಂಗುತ್ತಾ, ಉಳಿದರೆ ಅವರ ಬರ್ನ್‌ಔಟ್ ಎಷ್ಟು ಇಳಿಯುತ್ತೆ ಅಂತ ಅಳೆಯಬಹುದು, ಅದೇ ಪ್ರಶ್ನಾವಳಿ, ಅದೇ ತರಗತಿ ವೀಕ್ಷಣೆ ಬಳಸಿ. ಶಿಕ್ಷಕರ ನೆಮ್ಮದಿಯ ಸಂಶೋಧನೆಗೆ ದುಡ್ಡು ಕೊಡುವವರು ಮೊದಲು ಕೊಡಬೇಕಾದ್ದು ಇದಕ್ಕೆ.

ಅಷ್ಟರೊಳಗೆ ನಿಮ್ಮ ಊರಿನ ಸ್ಕೂಲ್ ಬೋರ್ಡ್ ಸಭೆಯಲ್ಲೋ, ಪೋಷಕರ ಸಭೆಯಲ್ಲೋ ಶಿಕ್ಷಕರಿಗೆ ಮೈಂಡ್‌ಫುಲ್‌ನೆಸ್ ತರಬೇತಿ ಅನ್ನೋ ಪ್ರಸ್ತಾಪ ಬಂದರೆ, ವಿರೋಧಿಸಲೇಬೇಕು ಅಂತ ನಾನು ಹೇಳಲ್ಲ. ಕೈಯೆತ್ತಿ ಕೇಳಿ: ಇದು ನಡೆಯೋದು ಸಂಬಳದ ಸಮಯದಲ್ಲೋ, ಶಾಲೆ ಬಿಟ್ಟ ಮೇಲೋ? ಟೀಚರುಗಳು ಕಳೆದ ವರ್ಷ ಲಿಖಿತವಾಗಿ ಏನೇನು ಕೇಳಿದ್ದರು, ಅದರಲ್ಲಿ ಇದು ಇತ್ತಾ? ಇಷ್ಟೇ ದುಡ್ಡಿಗೆ ಅವರಿಗೆ ಎಷ್ಟು ಗಂಟೆ ಬಿಡುವು ಕೊಡಬಹುದಿತ್ತು? ಉತ್ತರ ಕೊಡಬೇಕಾದವರು ಒಂದಿಷ್ಟು ತಡವರಿಸಬಹುದು. ನೀವು ಸಾವಧಾನವಾಗಿ ಕಾಯಿರಿ.